ನಗುವಿಗೆ ಜಾಗ ಬಿಡಿ: ಹಳೇ ಸಿನಿಮಾ, ಹಳೇ ಟಿವಿ ಕಾಮಿಡಿಗಳನ್ನು ಮನೆಯಲ್ಲಿ ನೋಡುವ ಬಗೆ

ಹಳೇ ಹಾಸ್ಯ ಚಿತ್ರವೊಂದನ್ನು ಆಸೆಯಿಂದ ಹಾಕುತ್ತೇವೆ. ಹತ್ತು ನಿಮಿಷ ಆಗುವಷ್ಟರಲ್ಲಿ ಒಬ್ಬರು ಫೋನ್ ತೆಗೆಯುತ್ತಾರೆ, ಇನ್ನೊಬ್ಬರು ಎದ್ದು ಹೋಗುತ್ತಾರೆ. "ಆಗಿನ ಕಾಲಕ್ಕೆ ಚೆನ್ನಾಗಿತ್ತೇನೋ, ಈಗ ತುಂಬಾ ನಿಧಾನ" ಅನ್ನುವ ಮಾತು ಬರುತ್ತದೆ. ನಮ್ಮ ಮನೆಯಲ್ಲೂ ಹೀಗೇ ಆಗುತ್ತಿತ್ತು. ಆಮೇಲೊಂದು ದಿನ ಅದೇ ಚಿತ್ರವನ್ನು ಏಳೆಂಟು ಜನ ಒಟ್ಟಿಗೆ ಕೂತು, ಒಳ್ಳೆಯ ಪ್ರಿಂಟ್‌ನಲ್ಲಿ, ಟಿವಿಯ ಎರಡು ಸೆಟ್ಟಿಂಗ್ ಬದಲಿಸಿ ನೋಡಿದೆವು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಇದಕ್ಕೊಂದು ಕಾರಣ ಇದೆ. 1935ರಲ್ಲಿ 'ಎ ನೈಟ್ ಅಟ್ ದಿ ಒಪೆರಾ' ಚಿತ್ರ ತೆಗೆಯುವ ಮೊದಲು ಅಮೆರಿಕದ ಹಾಸ್ಯ ನಟರಾದ ಮಾರ್ಕ್ಸ್ ಸಹೋದರರು ಅದರ ಹಾಸ್ಯದ ದೃಶ್ಯಗಳನ್ನು ಊರೂರು ಸುತ್ತಿ ರಂಗದ ಮೇಲೆ ಆಡಿ ನೋಡಿದರು. ಯಾವ ಮಾತಿಗೆ ಜನ ಎಷ್ಟು ಹೊತ್ತು ನಗುತ್ತಾರೆ ಅಂತ ಲೆಕ್ಕ ಇಟ್ಟುಕೊಂಡರು. ಚಿತ್ರದಲ್ಲಿ ಅಷ್ಟು ಹೊತ್ತನ್ನು ಬಿಟ್ಟು ಮುಂದಿನ ಮಾತು ಹೇಳಿದರು. ತುಂಬಿದ ಥಿಯೇಟರ್‌ನಲ್ಲಿ ಆ ಹೊತ್ತನ್ನು ಜನರ ನಗು ತುಂಬುತ್ತಿತ್ತು. ಮನೆಯಲ್ಲಿ ಒಬ್ಬರೇ ಕೂತು ನೋಡಿದರೆ ಅದು ಖಾಲಿಯಾಗೇ ಉಳಿಯುತ್ತದೆ. ಆ ಖಾಲಿಯನ್ನೇ ನಾವು 'ನಿಧಾನ' ಅಂತ ಕರೆಯುತ್ತೇವೆ.

ಆದ್ದರಿಂದ ಕೆಳಗಿನ ಹಂತಗಳಲ್ಲಿ ನಾನು ಹೇಳುವುದೆಲ್ಲ ಇದರ ಸುತ್ತಲೇ ಇದೆ. ಚಿತ್ರ ತೆಗೆದವರು ಬಿಟ್ಟ ಜಾಗವನ್ನು ನಾವು ಕಿತ್ತುಕೊಳ್ಳಬಾರದು. ಪರದೆಯ ಅಂಚಿನಲ್ಲಿ ಬಿಟ್ಟ ಜಾಗವನ್ನೂ, ಮಾತುಗಳ ನಡುವೆ ಬಿಟ್ಟ ಜಾಗವನ್ನೂ.

ಹಂತ 1: ಮೊದಲ ಸಂಜೆಗೆ ಚಿಕ್ಕದು ಸಾಕು

ಮೊದಲ ದಿನವೇ ಎರಡು ಗಂಟೆಯ ಚಿತ್ರ ಬೇಡ. ಮೂಕಿ ಕಾಲದ ಹಾಸ್ಯ ಬೆಳೆದದ್ದೇ ಒಂದು ರೀಲು, ಎರಡು ರೀಲಿನ ಕಿರುಚಿತ್ರಗಳಲ್ಲಿ. ಒಂದು ರೀಲು ಅಂದರೆ ಸುಮಾರು 1,000 ಅಡಿ ಫಿಲ್ಮ್, ಓಡಿಸುವ ವೇಗ ನೋಡಿಕೊಂಡು 11ರಿಂದ 16 ನಿಮಿಷ. ಇಂಥ ಎರಡು ರೀಲಿನ ಒಂದು ಚಿತ್ರ ಹಾಕಿ. ಮನೆಯವರಿಗೆ ಇನ್ನೂ ಬೇಕು ಅನ್ನಿಸಿದರೆ ಇನ್ನೊಂದು.

ನನ್ನನ್ನು ಕೇಳಿದರೆ ಶುರು ಮಾಡುವುದಕ್ಕೆ ಮೂರು ಹೆಸರು ಹೇಳುತ್ತೇನೆ. ಮೊದಲನೆಯದು ಲಾರೆಲ್ ಮತ್ತು ಹಾರ್ಡಿ ಜೋಡಿಯ 'ದಿ ಮ್ಯೂಸಿಕ್ ಬಾಕ್ಸ್', 1932ರದ್ದು, ಅರ್ಧ ಗಂಟೆಗಿಂತ ಸ್ವಲ್ಪ ಕಡಿಮೆ. ಇಬ್ಬರು ಒಂದು ಪಿಯಾನೊವನ್ನು ಉದ್ದ ಮೆಟ್ಟಿಲಿನ ಮೇಲೆ ಹತ್ತಿಸಬೇಕು. ಕಥೆ ಅಂತ ಇರುವುದು ಇಷ್ಟೇ. ಕಿರು ಹಾಸ್ಯ ಚಿತ್ರಕ್ಕೆ ಮೊಟ್ಟಮೊದಲ ಆಸ್ಕರ್ ಸಿಕ್ಕಿದ್ದು ಇದಕ್ಕೇ. ಎರಡನೆಯದು ಬಸ್ಟರ್ ಕೀಟನ್‌ನ 'ಶರ್ಲಾಕ್ ಜೂನಿಯರ್', 1924ರದ್ದು. ಪೂರ್ತಿ ಚಿತ್ರವೇ ಸುಮಾರು 45 ನಿಮಿಷ. ಮೂಕಿ ಚಿತ್ರ ನೋಡಿಯೇ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ. ಟಿವಿ ಕಾಮಿಡಿಯಲ್ಲಿ ಶುರು ಮಾಡುವವರಿಗೆ ಬ್ರಿಟನ್ನಿನ 'ಫಾಲ್ಟಿ ಟವರ್ಸ್'. 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು ಹನ್ನೆರಡೇ ಕಂತು. ಮುಗಿಯುವುದೇ ಇಲ್ಲವೇನೋ ಅನ್ನುವ ಭಯ ಇರುವುದಿಲ್ಲ.

ಟಿವಿ ಕಾಮಿಡಿಯನ್ನು ಮೊದಲ ಕಂತಿನಿಂದಲೇ ನೋಡಬೇಕು ಅಂತೇನಿಲ್ಲ. ಹಳೇ ಸರಣಿಗಳಲ್ಲಿ ಬಹುಪಾಲು ಒಂದೊಂದು ಕಂತೂ ಅಲ್ಲಲ್ಲೇ ಮುಗಿಯುತ್ತದೆ. ಮೊದಲ ಕೆಲವು ಕಂತುಗಳಲ್ಲಿ ನಟರು ಪಾತ್ರವನ್ನು ಇನ್ನೂ ಹುಡುಕುತ್ತಿರುತ್ತಾರೆ. ಎರಡನೇ ಸೀಸನ್ನಿನ ನಡುವಿನ ಒಂದು ಕಂತು ಹಾಕಿ ನೋಡಿ. ಇಷ್ಟವಾದರೆ ಆಮೇಲೆ ಹಿಂದಕ್ಕೆ ಹೋಗಬಹುದು.

ಹಂತ 2: ಸರಿಯಾದ ಪ್ರತಿ ಹುಡುಕಿ

ಹೆಚ್ಚಿನವರು ಸೋಲುವುದು ಇಲ್ಲೇ. ಹಕ್ಕಿನ ಅವಧಿ ಮುಗಿದ ಚಿತ್ರಗಳಿಗೆ ಹತ್ತಾರು ಪ್ರತಿಗಳು ಓಡಾಡುತ್ತಿರುತ್ತವೆ. ಒಂದು ಪ್ರತಿಯಿಂದ ಇನ್ನೊಂದು, ಅದರಿಂದ ಮತ್ತೊಂದು ಇಳಿಸಿ, ಮುಖಗಳೆಲ್ಲ ಸುಣ್ಣ ಬಳಿದ ಹಾಗಾಗಿರುತ್ತವೆ. ಹಳೇ ಚಿತ್ರ ಅಂದರೆ ಹೀಗೇ ಇರುತ್ತದೆ ಅಂತ ತಿಳಿದು ಅದನ್ನೇ ನೋಡುತ್ತೇವೆ. ನಿಜ ಬೇರೆ. 35 ಮಿಲಿಮೀಟರ್ ಫಿಲ್ಮ್‌ನಲ್ಲಿ ತೆಗೆದ ಚಿತ್ರದ ಮೂಲ ನೆಗೆಟಿವ್ ಚೆನ್ನಾಗಿ ಉಳಿದಿದ್ದರೆ, ನೂರು ವರ್ಷ ಹಿಂದಿನ ಚಿತ್ರದಲ್ಲೂ ಕೋಟಿನ ನೇಯ್ಗೆ ಕಾಣುತ್ತದೆ. 'ರಿಸ್ಟೋರ್' ಮಾಡಿದ್ದು ಅಂತ ಬರೆದಿರುವ ಪ್ರತಿ ಹುಡುಕಿ. ಯಾವ ಸಂಸ್ಥೆ, ಯಾವ ಆರ್ಕೈವ್ ಸರಿಪಡಿಸಿತು ಅಂತ ಹೆಸರು ಹಾಕಿದ್ದರೆ ಅದು ಒಳ್ಳೆಯ ಲಕ್ಷಣ.

ಆಮೇಲೆ ಚಿತ್ರದ ಅವಧಿ ನೋಡಿ. ಒಂದೇ ಚಿತ್ರಕ್ಕೆ ಎರಡು ಮೂರು ಅವಧಿ ಕಂಡರೆ ಏನೋ ವಿಷಯ ಇದೆ. ಚಾಪ್ಲಿನ್ 1925ರಲ್ಲಿ 'ದಿ ಗೋಲ್ಡ್ ರಶ್' ಅನ್ನು ಮೂಕಿಯಾಗಿ ತೆಗೆದ. 1942ರಲ್ಲಿ ಅದನ್ನೇ ಕತ್ತರಿಸಿ, ತೆರೆಯ ಮೇಲಿನ ಬರಹ ತೆಗೆದು, ತನ್ನದೇ ದನಿಯಲ್ಲಿ ಕಥೆ ಹೇಳಿ ಮತ್ತೆ ಬಿಡುಗಡೆ ಮಾಡಿದ. ಎರಡೂ ಅವನದೇ, ಆದರೂ ನೋಡಿದ ಅನುಭವ ಬೇರೆ ಬೇರೆ. ನಾನು ಮೊದಲು 1925ರದ್ದನ್ನೇ ನೋಡಿ ಅನ್ನುತ್ತೇನೆ. ಆ ದನಿ ಇಲ್ಲದಾಗ ನಮ್ಮ ಕಣ್ಣು ಜಾಸ್ತಿ ಕೆಲಸ ಮಾಡುತ್ತದೆ.

ಮೂಕಿ ಚಿತ್ರಗಳಲ್ಲಿ ವೇಗದ್ದೇ ಒಂದು ದೊಡ್ಡ ವಿಷಯ. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16 ಫ್ರೇಮ್, ಅಂದರೆ 16 ಬಿಡಿ ಚಿತ್ರ, ಇರಬಹುದು, 20 ಇರಬಹುದು, ಒಂದೇ ಲೆಕ್ಕ ಇರಲಿಲ್ಲ. ಮಾತಿನ ಚಿತ್ರ ಬಂದ ಮೇಲೆ ಸೆಕೆಂಡಿಗೆ 24 ಫ್ರೇಮ್ ಅಂತ ನಿಂತಿತು. ಹಳೆಯದನ್ನು ಕಣ್ಣುಮುಚ್ಚಿ 24ರಲ್ಲಿ ಓಡಿಸಿದರೆ ಎಲ್ಲರೂ ಇರುವೆಗಳ ಹಾಗೆ ಓಡುತ್ತಾರೆ. ಹಾಸ್ಯ ಚಿತ್ರಗಳಲ್ಲಿ ಸ್ವಲ್ಪ ಚುರುಕಾಗಿ ಕಾಣಲಿ ಅಂತ ಬೇಕೆಂದೇ ನಿಧಾನವಾಗಿ ತಿರುಗಿಸಿ ತೆಗೆಯುತ್ತಿದ್ದದ್ದೂ ಉಂಟು, ಆದ್ದರಿಂದ ಸಣ್ಣ ಅವಸರ ಸಹಜವೇ. ಆದರೆ ಬೀಳುವವನ ಮುಖದ ಭಾವ ನಿಮ್ಮ ಕಣ್ಣಿಗೆ ಸಿಗುತ್ತಿಲ್ಲ ಅಂದರೆ ಆ ಪ್ರತಿ ಸರಿಯಿಲ್ಲ. ಬೇರೆಯದನ್ನು ಹುಡುಕಿ.

ಕೆಲವು ದೇಶಗಳ ಹಳೇ ಡಿವಿಡಿಗಳಲ್ಲಿ ಇದರ ಚಿಕ್ಕ ತಮ್ಮ ಇದ್ದಾನೆ. ಅಲ್ಲಿನ ಟಿವಿ ಸೆಕೆಂಡಿಗೆ 25 ಫ್ರೇಮ್ ತೋರಿಸುವುದರಿಂದ 24ರ ಚಿತ್ರವನ್ನೂ 25ರಲ್ಲೇ ಓಡಿಸಿಬಿಡುತ್ತಾರೆ. 100 ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತದೆ. ಏನೂ ಕತ್ತರಿಸಿರುವುದಿಲ್ಲ. ದನಿ ಒಂದು ಚೂರು ತೆಳ್ಳಗಾಗಿರಬಹುದು, ಅಷ್ಟೇ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಕಪ್ಪು-ಬಿಳುಪಿಗೆ ಆಮೇಲೆ ಬಣ್ಣ ಹಚ್ಚಿದ ಪ್ರತಿಗಳೂ ಇವೆ. ನನಗೆ ಅವು ಒಗ್ಗುವುದಿಲ್ಲ. ಬೆಳಕು ನೆರಳು ನೋಡಿ ಕೂರಿಸಿದ ದೃಶ್ಯದ ಮೇಲೆ ಬಣ್ಣ ಬಂದು ಕಣ್ಣನ್ನು ಎಲ್ಲೆಲ್ಲಿಗೋ ಎಳೆಯುತ್ತದೆ. ಅದೊಂದೇ ಪ್ರತಿ ಸಿಕ್ಕಿದ್ದರೆ ಟಿವಿಯ ಸೆಟ್ಟಿಂಗ್‌ನಲ್ಲಿ 'ಕಲರ್' ಅನ್ನು ಸೊನ್ನೆಗೆ ಇಳಿಸಿ. ಚಿತ್ರ ಮತ್ತೆ ಕಪ್ಪು-ಬಿಳುಪಾಗುತ್ತದೆ.

ಹಂತ 3: ಟಿವಿಯನ್ನು ಪಳಗಿಸಿ

ಹೊಸ ಟಿವಿಗಳು ಅಂಗಡಿಯ ಬೆಳಕಿನಲ್ಲಿ ಎದ್ದು ಕಾಣಲಿ ಅಂತ ತಯಾರಾಗಿ ಬರುತ್ತವೆ. ಹಳೇ ಚಿತ್ರಕ್ಕೆ ಆ ಸೆಟ್ಟಿಂಗ್ ಒಗ್ಗುವುದಿಲ್ಲ. ಐದು ನಿಮಿಷ ರಿಮೋಟ್ ಹಿಡಿದು ಕೂತರೆ ಇದು ಸರಿಹೋಗುತ್ತದೆ.

ಮೊಟ್ಟಮೊದಲು ಚಲನೆ ನಯ ಮಾಡುವ ಸೌಲಭ್ಯವನ್ನು ಆಫ್ ಮಾಡಿ. ಸೋನಿಯಲ್ಲಿ ಇದಕ್ಕೆ ಮೋಷನ್‌ಫ್ಲೋ ಅನ್ನುತ್ತಾರೆ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನ ಎಷ್ಟೋ ಟಿವಿಗಳಲ್ಲಿ ಆಟೊ ಮೋಷನ್ ಪ್ಲಸ್. ಎರಡು ಫ್ರೇಮ್‌ಗಳ ನಡುವೆ ಇಲ್ಲದ ಫ್ರೇಮ್‌ಗಳನ್ನು ಟಿವಿ ತಾನೇ ಊಹಿಸಿ ಸೇರಿಸುತ್ತದೆ. ಸಿನಿಮಾ ಹೋಗಿ ನಿನ್ನೆ ತೆಗೆದ ವಿಡಿಯೊ ಥರ ಕಾಣುತ್ತದೆ. ಜಾರಿ ಬೀಳುವ ದೃಶ್ಯದಲ್ಲಿ ಕೈಕಾಲುಗಳ ಸುತ್ತ ಮಸುಕು ಬಳಿದುಕೊಳ್ಳುತ್ತದೆ. 2020ರಿಂದೀಚೆಗೆ ಕೆಲವು ಟಿವಿಗಳಲ್ಲಿ 'ಫಿಲ್ಮ್‌ಮೇಕರ್ ಮೋಡ್' ಅಂತ ಇದೆ. ಅದೊಂದನ್ನು ಆರಿಸಿದರೆ ಇಂಥದ್ದೆಲ್ಲ ಒಟ್ಟಿಗೆ ನಿಲ್ಲುತ್ತದೆ. ಅದಿಲ್ಲದ ಟಿವಿಯಲ್ಲಿ 'ಸಿನಿಮಾ' ಅಥವಾ 'ಮೂವಿ' ಮೋಡ್ ಆರಿಸಿ, ಶಾರ್ಪ್‌ನೆಸ್ ಕೆಳಗಿಳಿಸಿ, ನಾಯ್ಸ್ ರಿಡಕ್ಷನ್ ಆಫ್ ಮಾಡಿ. ಫಿಲ್ಮ್‌ನ ಸಣ್ಣ ಕಾಳು ಕಾಳು ಕೊಳೆಯಲ್ಲ. ಚಿತ್ರ ಮೂಡಿರುವುದೇ ಅದರಿಂದ. ಅದನ್ನು ಒರೆಸಿದರೆ ಮುಖಗಳು ಮೇಣದ ಬೊಂಬೆ ಆಗುತ್ತವೆ. ಕಪ್ಪು-ಬಿಳುಪು ಚಿತ್ರ ನೀಲಿಯಾಗಿ ಕಂಡರೆ ಕಲರ್ ಟೆಂಪರೇಚರ್ ಅನ್ನು 'ವಾರ್ಮ್' ಮಾಡಿ.

ಇನ್ನು ಪರದೆಯ ಆಕಾರ. ಇದರ ಬಗ್ಗೆ ನಾನು ಸ್ವಲ್ಪ ಹಟ ಮಾಡುತ್ತೇನೆ. 1950ರ ದಶಕದ ಶುರುವಿನವರೆಗಿನ ಬಹುಪಾಲು ಸಿನಿಮಾಗಳೂ, 1990ರ ದಶಕದವರೆಗಿನ ಬಹುಪಾಲು ಟಿವಿ ಕಾರ್ಯಕ್ರಮಗಳೂ ಹೆಚ್ಚುಕಡಿಮೆ ಚೌಕ. ಅಗಲ 4 ಇದ್ದರೆ ಎತ್ತರ 3. ಈಗಿನ ಟಿವಿ 16ಕ್ಕೆ 9. ಹಳೆಯದನ್ನು ಹಾಕಿದರೆ ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ, ಬರಲೇಬೇಕು. ಅದನ್ನು ತುಂಬಿಸಲು ಎಳೆದರೆ ಎಲ್ಲರೂ ದಪ್ಪಗಾಗುತ್ತಾರೆ. ಝೂಮ್ ಮಾಡಿದರೆ ಮೇಲೆ ಕೆಳಗೆ ಸೇರಿ ಚಿತ್ರದ ಕಾಲು ಭಾಗ ಹೋಗುತ್ತದೆ.

ಆ ಕಾಲು ಭಾಗದಲ್ಲೇ ಹಾಸ್ಯ ಇರಬಹುದು. 2019ರಲ್ಲಿ 'ದಿ ಸಿಂಪ್ಸನ್ಸ್' ಸರಣಿಯ ಹಳೇ ಕಂತುಗಳು ಡಿಸ್ನಿ ಪ್ಲಸ್‌ಗೆ ಬಂದಾಗ ಅಗಲ ಪರದೆಗೆ ಸರಿಯಾಗಲಿ ಅಂತ ಮೇಲೆ ಕೆಳಗೆ ಕತ್ತರಿಸಿದ್ದರು. ಒಂದು ದೃಶ್ಯದಲ್ಲಿ ಬಿಯರ್ ಕಾರ್ಖಾನೆಯ ಮೂರು ಬೇರೆ ಬೇರೆ ಹೆಸರಿನ ತೊಟ್ಟಿಗಳಿಗೂ ಮೇಲಿಂದ ಒಂದೇ ಕೊಳವೆ ಬರುತ್ತದೆ. ತಮಾಷೆ ಇರುವುದೇ ಆ ಕೊಳವೆಯಲ್ಲಿ. ಕತ್ತರಿಸಿದ ಪ್ರತಿಯಲ್ಲಿ ಕೊಳವೆಯೇ ಇಲ್ಲ! ನೋಡುಗರು ಗಲಾಟೆ ಮಾಡಿದ ಮೇಲೆ, 2020ರಲ್ಲಿ ಮೂಲ ಆಕಾರದಲ್ಲಿ ನೋಡುವ ಆಯ್ಕೆ ಕೊಟ್ಟರು. ಕೀಟನ್, ಚಾಪ್ಲಿನ್ ಅಂಥವರು ತಲೆಯಿಂದ ಕಾಲಿನವರೆಗೆ ಇಡೀ ಮೈ ಕಾಣುವ ಹಾಗೆ ದೃಶ್ಯ ಕೂರಿಸುತ್ತಿದ್ದರು. 1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್'ನಲ್ಲಿ ಇಡೀ ಮನೆಯ ಮುಂಗೋಡೆ ಕೀಟನ್ ಮೇಲೆ ಬೀಳುತ್ತದೆ. ಮೇಲಿನ ಕಿಟಕಿ ಸರಿಯಾಗಿ ಅವನು ನಿಂತ ಜಾಗಕ್ಕೇ ಬರುವುದರಿಂದ ಉಳಿಯುತ್ತಾನೆ. ಮೇಲಿನ ಕಿಟಕಿಯೂ ಅವನ ಕಾಲೂ ಒಟ್ಟಿಗೆ ಕಾಣದಿದ್ದರೆ ಆ ದೃಶ್ಯದಲ್ಲಿ ಏನಿದೆ?

1953ರಲ್ಲಿ ಸಿನಿಮಾಸ್ಕೋಪ್ ಬಂದ ಮೇಲಿನ ಅಗಲ ಚಿತ್ರಗಳಿಗೆ ಪಟ್ಟಿ ಮೇಲೆ ಕೆಳಗೆ ಬರುತ್ತದೆ. ಅದನ್ನೂ ಹಾಗೇ ಬಿಡಿ.

ಹಂತ 4: ಚಿತ್ರ ಯಾಕೆ ಹೀಗೆ ಕಾಣುತ್ತಿದೆ ಅಂತ ಮೊದಲೇ ತಿಳಿದಿರಿ

ಹಳೇ ಟಿವಿ ಕಾಮಿಡಿಗಳಲ್ಲಿ ಒಂದು ಗಾಜಿನ ಹಾಗೆ ಸ್ಪಷ್ಟ, ಅದರ ಓರಗೆಯದ್ದೇ ಇನ್ನೊಂದು ಮಂಜು ಮಂಜು. ವಯಸ್ಸಿಗೂ ಇದಕ್ಕೂ ಸಂಬಂಧ ಕಡಿಮೆ. 'ಐ ಲವ್ ಲೂಸಿ' 1951ರಲ್ಲಿ ಶುರುವಾಯಿತು. ಅದನ್ನು ಜನರ ಎದುರು ಮೂರು ಕ್ಯಾಮೆರಾ ಇಟ್ಟು 35 ಮಿಲಿಮೀಟರ್ ಫಿಲ್ಮ್‌ನಲ್ಲಿ ತೆಗೆದರು. ಕ್ಯಾಮೆರಾ ಹೊಣೆ ಹೊತ್ತವನು ಕಾರ್ಲ್ ಫ್ರಾಯ್ಂಡ್, ಜರ್ಮನಿಯ 'ಮೆಟ್ರೊಪೊಲಿಸ್' ಚಿತ್ರಕ್ಕೆ ಕೆಲಸ ಮಾಡಿದ್ದವನು. ಹಾಗಾಗಿ ಇವತ್ತಿಗೂ ಅದು ಫಳಫಳ ಅನ್ನುತ್ತದೆ. ಅದೇ ಕಾಲದ ಎಷ್ಟೋ ಕಾರ್ಯಕ್ರಮಗಳು ನೇರ ಪ್ರಸಾರ. ಅವು ಉಳಿದಿದ್ದರೆ ಕಿನೆಸ್ಕೋಪ್ ರೂಪದಲ್ಲಿ, ಅಂದರೆ ಟಿವಿ ಪರದೆಯ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು ತೆಗೆದದ್ದು. ಮಂಜಾಗದೆ ಇನ್ನೇನಾಗುತ್ತದೆ?

ಬ್ರಿಟನ್ನಿನ 1970ರ ದಶಕದ ಕಾಮಿಡಿಗಳಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ. ಪಾತ್ರಗಳು ಮನೆಯೊಳಗಿದ್ದಾಗ ಚಿತ್ರ ಒಂದು ಥರ, ಬಾಗಿಲು ದಾಟಿ ಹೊರಗೆ ಬಂದ ತಕ್ಷಣ ಇನ್ನೊಂದು ಥರ. ಸ್ಟುಡಿಯೊ ಭಾಗವನ್ನು ವಿಡಿಯೊದಲ್ಲಿ, ಹೊರಾಂಗಣವನ್ನು 16 ಮಿಲಿಮೀಟರ್ ಫಿಲ್ಮ್‌ನಲ್ಲಿ ತೆಗೆಯುತ್ತಿದ್ದರು. ನಿಮ್ಮ ಟಿವಿ ಕೆಟ್ಟಿಲ್ಲ. ಆದರೆ ಓಡುವವರ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಕಂಡರೆ ಮಾತ್ರ ಪ್ಲೇಯರ್‌ನಲ್ಲಿ 'ಡಿ-ಇಂಟರ್‌ಲೇಸ್' ಆನ್ ಮಾಡಬೇಕು.

ಸರಣಿಯ ಪಟ್ಟಿಯಲ್ಲಿ ಕಂತು ಕಾಣೆಯಾಗಿದ್ದರೂ ಗಾಬರಿ ಬೇಡ. ಆಗ ವಿಡಿಯೊ ಟೇಪ್ ತುಂಬಾ ದುಬಾರಿ. ಒಮ್ಮೆ ಪ್ರಸಾರ ಆದ ಮೇಲೆ ಅಳಿಸಿ ಮತ್ತೆ ಬಳಸುತ್ತಿದ್ದರು. ಬಿಬಿಸಿಯ 'ಡ್ಯಾಡ್ಸ್ ಆರ್ಮಿ'ಯ 80 ಕಂತುಗಳಲ್ಲಿ 1969ರ ಮೂರು ಕಂತುಗಳ ಮೂಲ ಹೀಗೇ ಕಳೆದುಹೋಯಿತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮ್ಮ ಮನೆಯ ಕಪಾಟಿನಲ್ಲಿ ಯಾರೋ ರೆಕಾರ್ಡ್ ಮಾಡಿಟ್ಟ ಹಳೇ ಕ್ಯಾಸೆಟ್ ಇದ್ದರೆ ಎಸೆಯಬೇಡಿ, ಮೊದಲು ನೋಡಿ. ಬಿಸಿಲು, ತೇವ ತಾಗದಂತೆ ನಿಲ್ಲಿಸಿಡಿ. ಡಿವಿಡಿ ಒರೆಸುವಾಗ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತ ತಿಕ್ಕಬೇಡಿ.

ಹಂತ 5: ಶಬ್ದ

ಹಳೇ ಚಿತ್ರಗಳ ಶಬ್ದ ಬಹುತೇಕ ಒಂದೇ ಟ್ರ್ಯಾಕ್. ಟಿವಿ ಅಥವಾ ಸೌಂಡ್‌ಬಾರ್‌ನ 'ಸರೌಂಡ್' ಅದನ್ನು ಕೊಡದೊಳಗಿನ ಮಾತಿನಂತೆ ಮಾಡುತ್ತದೆ. ಅದನ್ನು ಆಫ್ ಮಾಡಿ 'ಸ್ಟ್ಯಾಂಡರ್ಡ್' ಅಥವಾ 'ಸ್ಟೀರಿಯೊ' ಇಡಿ. ಮಾತು ಕೇಳಿಸುತ್ತಿಲ್ಲ ಅಂತ ಟ್ರೆಬಲ್ ಏರಿಸಿದರೆ ಜಾಸ್ತಿಯಾಗುವುದು ಸುಯ್ ಅನ್ನುವ ಸದ್ದು ಮಾತ್ರ. ಅದರ ಬದಲು ಸಬ್‌ಟೈಟಲ್ ಹಾಕಿ. ಆದರೆ ಹಾಸ್ಯಕ್ಕೆ ಸಬ್‌ಟೈಟಲ್ ಒಂದು ಕಷ್ಟ ಕೊಡುತ್ತದೆ: ನಟ ಬಾಯಿ ಬಿಡುವ ಮೊದಲೇ ಮಾತಿನ ಕೊನೆ ಓದಿ ಆಗಿರುತ್ತದೆ. ಭಾಷೆ ಅರ್ಧ ಗೊತ್ತಿದ್ದರೆ ಮೊದಲ ಸಲ ಹಾಕಿಕೊಂಡು ನೋಡಿ, ಎರಡನೇ ಸಲ ತೆಗೆದು ನೋಡಿ.

ಮೂಕಿ ಚಿತ್ರದ ಸಂಗೀತ ಪ್ರತಿಯಿಂದ ಪ್ರತಿಗೆ ಬದಲಾಗುತ್ತದೆ. ಕೆಲವು ಡಿಸ್ಕ್‌ಗಳಲ್ಲಿ ಎರಡು ಮೂರು ಆಯ್ಕೆ ಇರುತ್ತವೆ. ಸಂಗೀತ ದೃಶ್ಯದ ಜೊತೆ ಉಸಿರಾಡುತ್ತಿಲ್ಲ, ಸುಮ್ನೆ ಹಿಂದೆ ಓಡುತ್ತಿದೆ ಅನ್ನಿಸಿದರೆ ಬದಲಿಸಿ.

ಟಿವಿ ಕಾಮಿಡಿಯ ಹಿನ್ನೆಲೆ ನಗು ಕೆಲವರಿಗೆ ಕಿರಿಕಿರಿ. ಎಲ್ಲ ನಗುವೂ ಡಬ್ಬಿಯ ನಗು, ಅಂದರೆ ರೆಕಾರ್ಡ್ ಮಾಡಿಟ್ಟು ಆಮೇಲೆ ಸೇರಿಸಿದ ನಗು, ಅಲ್ಲ ಅನ್ನುವುದು ಗೊತ್ತಿರಲಿ. ಎಷ್ಟೋ ಸರಣಿಗಳನ್ನು ನಿಜವಾದ ಜನರ ಮುಂದೆ ಆಡಿದ್ದಾರೆ, ನಟರು ಅವರ ನಗು ನಿಲ್ಲುವುದನ್ನು ಕಾದು ಮುಂದಿನ ಮಾತು ಹೇಳುತ್ತಾರೆ. ಆ ಕಾಯುವಿಕೆ ನೋಡುವುದೇ ಒಂದು ಖುಷಿ. 1950ರ ದಶಕದಲ್ಲಿ ಚಾರ್ಲಿ ಡಗ್ಲಸ್ ಅನ್ನುವ ಎಂಜಿನಿಯರ್ ರೆಕಾರ್ಡ್ ಮಾಡಿಟ್ಟ ನಗುವನ್ನು ಗುಂಡಿ ಒತ್ತಿ ಸೇರಿಸುವ ಯಂತ್ರ ಕಟ್ಟಿದ ಮೇಲೆ ಡಬ್ಬಿಯ ನಗು ಹರಡಿತು. ಸೇನಾ ಆಸ್ಪತ್ರೆಯ ಕಥೆ ಹೇಳುವ 'ಮ್ಯಾಶ್' ಸರಣಿಯವರು ಆಪರೇಷನ್ ಕೋಣೆಯ ದೃಶ್ಯಗಳಿಗೆ ಆ ನಗು ಬೇಡ ಅಂತ ಪಟ್ಟು ಹಿಡಿದರು. ಅದರ ಡಿವಿಡಿಗಳಲ್ಲಿ ನಗುವನ್ನು ಪೂರ್ತಿ ತೆಗೆದು ನೋಡುವ ಆಯ್ಕೆ ಇದೆ. ಒಂದೇ ಕಂತನ್ನು ಎರಡೂ ರೀತಿ ನೋಡಿ, ಬೇರೆಯೇ ಕಥೆ ಅನ್ನಿಸುತ್ತದೆ.

ಹಂತ 6: ಜನ ಸೇರಿಸಿ

ಇಬ್ಬರಿಗಿಂತ ನಾಲ್ವರು ಮೇಲು, ನಾಲ್ವರಿಗಿಂತ ಏಳು ಮಂದಿ ಮೇಲು. ಜೋರಾಗಿ ನಗುವವರು ಒಬ್ಬರಾದರೂ ಇರಲಿ. ಪ್ರತಿ ಮನೆಯಲ್ಲೂ ಅಂಥವರು ಇರುತ್ತಾರೆ ಅಲ್ವಾ? ನಮ್ಮಲ್ಲಿ ನನ್ನ ಚಿಕ್ಕಮ್ಮ. ಅವರು ಬಂದ ದಿನ ಯಾವ ಚಿತ್ರವೂ ನಿಧಾನ ಅನ್ನಿಸಿಲ್ಲ. ಮಕ್ಕಳಿದ್ದರೆ ಮೂಕಿ ಚಿತ್ರದ ಬರಹಗಳನ್ನು ಯಾರಾದರೂ ಒಬ್ಬರು ಗಟ್ಟಿಯಾಗಿ ನಮ್ಮ ಭಾಷೆಯಲ್ಲಿ ಓದಿ ಹೇಳಲಿ. ಅಣ್ಣನ ಮಕ್ಕಳಿಗೆ ನಾನು ಹೀಗೆ ಓದಲು ಶುರು ಮಾಡಿದೆ. ಮೂರನೇ ಚಿತ್ರದ ಹೊತ್ತಿಗೆ "ನೀನು ಸುಮ್ನಿರು ಚಿಕ್ಕಪ್ಪ, ಗೊತ್ತಾಗುತ್ತೆ" ಅಂದರು.

ದೊಡ್ಡ ದೀಪ ಆರಿಸಿ, ಟಿವಿಯ ಹಿಂದೆ ಒಂದು ಮಂದ ದೀಪ ಇರಲಿ. ಫೋನ್‌ಗಳು ಬೇರೆ ಕೋಣೆಯಲ್ಲಿರಲಿ. ಮೂಕಿ ಚಿತ್ರದಲ್ಲಿ ಕಣ್ಣು ತೆಗೆದರೆ ಕಥೆಯೇ ತಪ್ಪಿಹೋಗುತ್ತದೆ, ಕಿವಿ ಕಾಪಾಡುವುದಿಲ್ಲ. ಆಟೊಪ್ಲೇ ಆಫ್ ಮಾಡಿ. ಹೆಸರುಗಳು ಓಡುವಾಗ ಆಗುವ ಹರಟೆಯನ್ನು ಮುಂದಿನ ಕಂತು ನುಂಗಬಾರದು. 1.25 ವೇಗದಲ್ಲಿ ಮಾತ್ರ ದಯವಿಟ್ಟು ನೋಡಬೇಡಿ. ಅವರು ಅಳೆದು ಬಿಟ್ಟ ಹೊತ್ತನ್ನೇ ಅದು ತಿಂದುಹಾಕುತ್ತದೆ.

ಹಂತ 7: ಟಿವಿ ಕಾಮಿಡಿಗೆ ದಿನಕ್ಕೆ ಎರಡೇ ಕಂತು

ಇವನ್ನು ಬರೆದದ್ದು ವಾರಕ್ಕೊಂದು ಕಂತು ನೋಡುವವರಿಗೆ. ಬಾಗಿಲು ತೆರೆದು ಬರುವ ಅದೇ ಪಕ್ಕದ ಮನೆಯವನು, ಅದೇ ಪಲ್ಲವಿ ಮಾತು. ವಾರ ಕಳೆದು ಕೇಳಿದರೆ ನೆಂಟರು ಬಂದಷ್ಟು ಖುಷಿ. ಒಂದೇ ರಾತ್ರಿ ಆರು ಸಲ ಕೇಳಿದರೆ ತಲೆನೋವು. ನಾನು ಒಂದು ಸರಣಿಯನ್ನು ನಾಲ್ಕು ದಿನದಲ್ಲಿ ನೋಡಿ ಮುಗಿಸಿದ್ದೆ. ಒಂದು ಕಂತೂ ಬೇರೆಯಾಗಿ ನೆನಪಿಲ್ಲ. ಅದನ್ನೇ ಆಮೇಲೆ ಅಕ್ಕನ ಜೊತೆ ಶನಿವಾರಕ್ಕೆ ಎರಡರಂತೆ ನೋಡಿದೆ. ವಾರದ ನಡುವೆ ಫೋನ್‌ನಲ್ಲಿ ಪಾತ್ರಗಳ ಮಾತನ್ನೇ ಆಡಿಕೊಳ್ಳುವಷ್ಟು ಹತ್ತಿರವಾಯಿತು.

ಹಂತ 8: ನೋವು ಕೊಡುವ ದೃಶ್ಯಗಳು

ಹಳೇ ಹಾಸ್ಯದಲ್ಲಿ ಕೆಟ್ಟದ್ದೂ ಇದೆ. ಮುಖಕ್ಕೆ ಕಪ್ಪು ಬಳಿದು ಕಪ್ಪು ಜನರನ್ನು ಆಡಿಕೊಳ್ಳುವುದು, ಹೆಂಡತಿಗೆ ಹೊಡೆಯುವ ಮಾತನ್ನು ತಮಾಷೆ ಮಾಡುವುದು, ಅಂಗವಿಕಲರನ್ನು ನಗೆಪಾಟಲು ಮಾಡುವುದು. ಮಕ್ಕಳಿಗೆ ತೋರಿಸುವ ಮೊದಲು ನೀವೊಮ್ಮೆ ನೋಡಿ. ಅಂಥ ದೃಶ್ಯ ಬಂದರೆ ನಿಲ್ಲಿಸಿ ಎರಡು ಮಾತು ಹೇಳಿ: ಇದು ಆಗಲೂ ತಪ್ಪು, ಆದರೆ ಆಗ ಜನ ನಗುತ್ತಿದ್ದರು. ಮಕ್ಕಳು ಒಳ್ಳೆಯ ಪ್ರಶ್ನೆ ಕೇಳುತ್ತಾರೆ. ಇಡೀ ಚಿತ್ರವೇ ಅದರ ಮೇಲೆ ನಿಂತಿದ್ದರೆ ಬೇರೆ ಚಿತ್ರ ಹಾಕಿ. ಚಿತ್ರಗಳಿಗೇನು ಬರವಿಲ್ಲ.

ಹಂತ 9: ಹಿಂದಕ್ಕೆ ಓಡಿಸುವುದು ಕೊನೆಯಲ್ಲಿ

ತುಂಬಾ ನಗಿಸಿದ ದೃಶ್ಯವನ್ನು ಆಗಲೇ ಹಿಂದಕ್ಕೆ ಓಡಿಸಿ ನೋಡಬೇಕು ಅನ್ನಿಸುತ್ತದೆ. ತಡೆದುಕೊಳ್ಳಿ. ಅದು ಎಷ್ಟನೇ ನಿಮಿಷ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟು, ಚಿತ್ರ ಮುಗಿದ ಮೇಲೆ ಎಲ್ಲರೂ ಕೂತಲ್ಲೇ ಮತ್ತೆ ಹಾಕಿ. ಮೊದಲ ಸಲ ಬೀಳುವವನನ್ನೇ ನೋಡಿರುತ್ತೀರಿ. ಎರಡನೇ ಸಲ ಅವನು ಬೀಳುವುದಕ್ಕೆ ಎರಡು ಹೆಜ್ಜೆ ಮೊದಲಿಂದ ಹೇಗೆ ತಯಾರಾಗುತ್ತಾನೆ ಅಂತ ಕಾಣುತ್ತದೆ. ಮೂರನೇ ಸಲ ಹಿಂದೆ ನಿಂತವರನ್ನು ನೋಡಿ. ಜನರೆದುರು ತೆಗೆದ ಟಿವಿ ಕಾಮಿಡಿಯಾದರೆ, ಅಲ್ಲಿ ಒಬ್ಬರಾದರೂ ತುಟಿ ಕಚ್ಚಿ ಬೆನ್ನು ತಿರುಗಿಸಿಕೊಂಡು ನಗು ತಡೆಯುತ್ತಿರುತ್ತಾರೆ.